ಲವಂಗದ್ದೋ ಮೆಣಸಿನದೋ

ಎಡಗೈಗೆ ಲವಂಗದ್ದು, ಬಲಗೈಗೆ ಮೆಣಸಿನದು. ಎರಡೂ ಮಣಿಕಟ್ಟುಗಳನ್ನು ಒಂದಾದ ಮೇಲೊಂದು ಮೂಗಿಗೆ ಹಿಡಿದು, ಇಳಿಸಿ, ಮತ್ತೆ ಹಿಡಿದು, ಚಂದ್ರಣ್ಣ ಚಳ್ಳಕೆರೆಯ ದಸ್ತಗೀರ್ ಸಾಬರ ಸೆಂಟಿನ ಅಂಗಡಿಯ ಮುಂದೆ ಅರ್ಧ ಗಂಟೆಯಿಂದ ನಿಂತಿದ್ದ. ಇಷ್ಟು ಹೊತ್ತಿನಲ್ಲಿ ಜನ ಒಂದು ಜೊತೆ ಎತ್ತನ್ನೇ ಆರಿಸುತ್ತಾರೆ. ಅಂಗಡಿ ಅಂದರೆ ದೊಡ್ಡದೇನಲ್ಲ. ಬಟ್ಟೆ ಅಂಗಡಿಯ ಮೆಟ್ಟಿಲ ಪಕ್ಕಕ್ಕೆ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಸ್ಟೂಲು, ಸ್ಟೂಲಿನ ಮೇಲೆ ಸಾಬರು. ಮಲ್ಲಿಗೆ, ಗುಲಾಬಿಯ ಬಾಟಲಿಗಳನ್ನು ಅವರು ಮೊದಲೇ ಬದಿಗೆ ಸರಿಸಿಬಿಟ್ಟಿದ್ದರು. "ಅವೆಲ್ಲಾ ಹೆಣ್ಮಕ್ಕಳ ಮಾಲು. ಗಂಡಸ್ರಿಗೆ ಖಾರದ್ದು ಬೇಕು ಅಣ್ಣ. ಖಾರದಾಗೆ ಎರಡೇ ಐತೆ ನನ್ನತ್ರ. ಲವಂಗದ್ದು ಬಂದು ಕೂತ್ಕೊಂಡ್ರೆ ಏಳಲ್ಲ, ನಾಳೆವರೆಗೂ ಇರ್ತೈತೆ. ಮೆಣಸಿಂದು ನಿಂತ್ಕಂಡೇ ಮಾತಾಡ್ಸಿ ಹೋಗೋ ನೆಂಟ. ಊಟದ ಹೊತ್ತಿಗೆ ಇರಲ್ಲ," ಎಂದು ಹೇಳಿ, ಇನ್ನು ನಿನ್ನ ಹಣೆಬರಹ ಎನ್ನುವಂತೆ ಬೀದಿಯ ಕಡೆ ನೋಡುತ್ತ ಕೂತಿದ್ದರು.

ಊಟದ ಹೊತ್ತಿಗೆ ಇರಬೇಕಿತ್ತು. ಊಟದ ಹೊತ್ತಿಗೇ ಅವನು ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ, ಮಾವ ಪೆದ್ದಣ್ಣನ ಮನೆಯಲ್ಲಿ ಇರಬೇಕಾಗಿದ್ದದ್ದು. ಹನ್ನೊಂದು ತಿಂಗಳ ಹಿಂದೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದುಬಿಟ್ಟ ಹೆಂಡತಿ ಪುಷ್ಪಲತಾ ಮೊನ್ನೆ ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನು ಮಾಡಿದ್ದಳು. ಮೊಳಕಾಲ್ಮೂರಿನ ಆ ಆಫೀಸಿನಲ್ಲಿ ಚಂದ್ರಣ್ಣ ಅಟೆಂಡರು. ಫೋನು ಇರುವುದು ಸಾಹೇಬರ ಮೇಜಿನ ಮೇಲೆ. ಸಾಹೇಬ ಸೋಮಶೇಖರಪ್ಪನವರು ಎದುರಿಗೇ ಕೂತು ಫೈಲು ನೋಡುವವರಂತೆ ಪೂರ್ತಿ ಕೇಳಿಸಿಕೊಂಡರು. ಅವಳು ಹೆಚ್ಚು ಮಾತಾಡಲಿಲ್ಲ. "ಭಾನುವಾರ ಬರ್ರಿ. ನಂದೇನೂ ಇಲ್ಲ. ಶೃತಿ ನಿಮ್ಮನ್ನ ಕಂಡು ಹತ್ರ ಬಂದ್ರೆ ನಾನು ಬ್ಯಾಗು ತಗಂಡು ಹೊರಡ್ತೀನಿ. ಅವಳು ಅತ್ರೆ, ನೀವು ಇನ್ನ ಕೇಳಬ್ಯಾಡ್ರಿ, ನಾನೂ ಕೇಳಲ್ಲ." ಫೋನು ಇಟ್ಟ ಮೇಲೆ ಸಾಹೇಬರು ರಿಸೀವರನ್ನು ಕರ್ಚೀಫಿನಿಂದ ಒರೆಸಿದರು. ಅವರು ಯಾರು ಮಾತಾಡಿದರೂ ಒರೆಸುತ್ತಾರೆ ಎಂದು ಚಂದ್ರಣ್ಣ ತನಗೆ ತಾನೇ ಹೇಳಿಕೊಂಡ. ಆದರೆ ಬೇರೆ ಯಾರು ಮಾತಾಡಿದಾಗ ಒರೆಸಿದ್ದರು ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮಗುವಿಗೆ ಈಗ ಮೂರು ತುಂಬಿದೆ. ಹನ್ನೊಂದು ತಿಂಗಳು ಅಂದರೆ ಅದರ ಬದುಕಿನ ಮೂರರಲ್ಲಿ ಒಂದು ಪಾಲು. ಅಪ್ಪನ ಮುಖ ಅದಕ್ಕೆ ನೆನಪಿರುತ್ತದೆಯೇ? ಮುಖ ಮರೆತಿದ್ದರೂ ಚಿಂತೆಯಿಲ್ಲ, ಹೊಸದಾಗಿ ನೋಡಿ ಕಲಿತುಕೊಳ್ಳುತ್ತದೆ. ಅವನ ಭಯ ಮುಖದ್ದಲ್ಲ. ಎತ್ತಿಕೊಳ್ಳಲು ಹೋದಾಗ ಅದು ಮೂಗು ಮುರಿದು ಆಚೆ ತಿರುಗಿಬಿಟ್ಟರೆ? ಅವನ ಮೈಯ ವಾಸನೆ ಅವನಿಗೆ ಗೊತ್ತಿಲ್ಲ. ತನ್ನ ಮೈಯ ವಾಸನೆ ಯಾರಿಗೆ ಗೊತ್ತಿರುತ್ತದೆ? ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಾನೆ, ಅಂಗಿಗಳನ್ನು ಬಿಸಿನೀರಿನಲ್ಲಿ ನೆನೆಸುತ್ತಾನೆ. ಆದರೂ ತಿಂಗಳಿಗೆ ಎರಡು ಸಲ ಬಿ.ಜಿ. ಕೆರೆಯ ಪಕ್ಕದ ಹಟ್ಟಿಗೆ ಹೋಗಿ ಅಣ್ಣ ಜುಂಜಣ್ಣನ ಕುರಿಗಳ ಮಧ್ಯೆ ಒಂದು ಹಗಲು ಕಳೆದು ಬರುವುದನ್ನು ಬಿಡಲಾಗಿಲ್ಲ. ಬಿಟ್ಟರೂ ಪ್ರಯೋಜನವಿಲ್ಲ ಎಂದು ಈಚೆಗೆ ಅನಿಸುತ್ತಿತ್ತು. ಹುಟ್ಟಿದ ದಿನದಿಂದ ಕಂಬಳಿಯ ಮೇಲೆ ಬೆಳೆದ ಮೈ, ಒಳಗಿನಿಂದಲೇ ಬರುತ್ತಿರಬಹುದು. ಕೇಳೋಣವೆಂದರೆ ಯಾರನ್ನು ಕೇಳುವುದು? "ಸಾಬರೇ," ಎಂದ ಈಗ, ಕೊನೆಗೂ. "ಒಂದು ಮಾತು. ನನ್ನ ಮೈ ಏನಾದ್ರೂ ನಾರುತ್ತಾ?"

ಸಾಬರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ನಗಲಿಲ್ಲ, ಅದೊಂದು ಪುಣ್ಯ. "ನಂಗೇನು ಗೊತ್ತಾಗ್ತೈತೆ ಅಣ್ಣ. ಮೂವತ್ತು ವರ್ಷ ಇದ್ರಾಗೇ ಕೂತು ನನ್ನ ಮೂಗು ಸತ್ತೋಗೈತೆ. ಮನ್ಯಾಗೆ ಸಾರು ಸೀದ್ರೂ ತಿಳಿಯಲ್ಲ. ನಮ್ಮ ಬೇಗಂ ಬೈತಾಳೆ."

ಹಾಗಾದರೆ ಈ ಊರಿನಲ್ಲಿ ನಿಜ ಹೇಳುವವನೇ ಇಲ್ಲ ಎಂದುಕೊಂಡು ಅವನು ಬಲಗೈ ಮೂಸಿದ. ಮೆಣಸು. ಅದರ ಹಿಂದೆ ಸ್ವಲ್ಪ ಚಕ್ಕೆ. ಮದುವೆಯಾದ ವರ್ಷ ಅವನಿಗೆ ಜ್ವರ ಬಂದು ಮಲಗಿದಾಗ ಪುಷ್ಪಲತಾ ಮೆಣಸು ಕುಟ್ಟಿ ಕಷಾಯ ಕಾಸಿ ಲೋಟ ಹಿಡಿದು ಹಾಸಿಗೆಯ ಪಕ್ಕ ಕೂತಿದ್ದಳು. ಕುಡೀರಿ, ಕುಡೀರಿ, ಮಕ್ಕಳಿಗಿಂತ ಕಡೆ ನೀವು, ಎಂದು ಅವನ ಕತ್ತಿನ ಬೆವರನ್ನು ತನ್ನ ಸೆರಗಿನಿಂದಲೇ ಒರೆಸಿದ್ದಳು. ಆಗ ಅವಳು ಮೂಗು ಮುಚ್ಚಿಕೊಂಡಿದ್ದಳೇ? ಇಲ್ಲ. ಮುಚ್ಚಿಕೊಂಡಿದ್ದು ಆಮೇಲೆ, ಆರೇಳು ತಿಂಗಳಾದ ಮೇಲೆ ಒಂದು ಸಂಜೆ. ಅವನು ಒಳಗೆ ಬಂದ, ಅವಳು ಸೆರಗನ್ನು ಮೂಗಿಗೊತ್ತಿಕೊಂಡು ಹಿತ್ತಲಿಗೆ ಓಡಿದಳು. ಮರುದಿನವೂ ಹಾಗೇ. ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತೇನೋ. ಚಾಪೆ ತೆಗೆದುಕೊಂಡು ಹೊರಗಿನ ಜಗಲಿಗೆ ಹೋದವನು ಮಗು ಹುಟ್ಟಿದ ಮೇಲೂ ಒಳಗೆ ಬರಲಿಲ್ಲ. ಸೆಕೆ ಎಂದ, ಬೆನ್ನುನೋವು ಎಂದ. ಅವಳು ಮೊದಮೊದಲು ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದಳು, ಆಮೇಲೆ ಬಾಗಿಲು ಹಾಕಿಕೊಳ್ಳುವುದನ್ನು ಕಲಿತಳು. ಮಗು ಮಾತ್ರ ತೆವಳುವುದಕ್ಕೆ ಬಂದ ಮೇಲೆ ಹೊಸ್ತಿಲು ದಾಟಿ ಬಂದು ಅವನ ಕಂಕುಳಲ್ಲಿ ಮುಖವಿಟ್ಟು ನಿದ್ದೆ ಹೋಗುತ್ತಿತ್ತು. ಮಗುವಿಗೆ ಇನ್ನೂ ತಿಳಿಯುವುದಿಲ್ಲ, ತಿಳಿದಾಗ ಇದೂ ಹೋಗುತ್ತದೆ ಎಂದು ಅವನು ಅಲುಗಾಡದೆ ಮಲಗಿರುತ್ತಿದ್ದ.

ಎಡಗೈ ಲವಂಗದ್ದು. ಲವಂಗ ಅಂದರೆ ಸೋಮಶೇಖರಪ್ಪನವರು. ಊಟವಾದ ಮೇಲೆ ಎರಡು ಲವಂಗ ಬಾಯಿಗೆ ಹಾಕಿಕೊಂಡು ಅವರು ಸಂಜೆಯವರೆಗೂ ಘಮಘಮ ಎನ್ನುತ್ತಾರೆ. ಹೊಲದಿಂದ ನೇರ ಬಂದ ರೈತರು, ನೇಯ್ಗೆಯವರು, ಎಲ್ಲರೂ ಅವರ ಮೇಜಿನ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವುದೇ ಹೊರತು ಸಾಹೇಬರ ವಾಸನೆಗೆ ಯಾರೂ ಮುಖ ಸಿಂಡರಿಸಿದ್ದನ್ನು ಚಂದ್ರಣ್ಣ ಕಂಡಿಲ್ಲ. ಕಳೆದ ವರ್ಷ ಚಿತ್ರದುರ್ಗದಿಂದ ಮೇಲಿನವರು ಬಂದಿದ್ದರು. ಚಹಾದ ತಟ್ಟೆ ಹಿಡಿದು ಒಳಗೆ ಹೋದಾಗ ಇದೇ ಸಾಹೇಬರು ಕುರ್ಚಿಗೆ ಒರಗಿ, "ನಮ್ಮ ಚಂದ್ರಣ್ಣ ಬಂದ್ರೆ ಸಾರ್, ಹಟ್ಟಿಗೆ ಹಟ್ಟೀನೇ ಬಂದಂಗೆ. ಕಣ್ಣು ಮುಚ್ಚಿದ್ರೂ ಹೇಳಬಹುದು," ಎಂದಿದ್ದರು. ಎಲ್ಲರೂ ನಕ್ಕರು. ಚಂದ್ರಣ್ಣನೂ ನಕ್ಕ, ಅದೇ ಅವನಿಗೆ ಇವತ್ತಿಗೂ ತಡೆಯಲಾಗದ ಸಂಗತಿ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆ ನಗುವನ್ನು ಬಾಯಲ್ಲಿ ಹಾಗೇ ಇಟ್ಟುಕೊಂಡು ಮನೆಗೆ ಬಂದರೆ ಪುಷ್ಪಲತಾ ಒಲೆಯ ಮುಂದಿನಿಂದ ತಿರುಗದೆಯೇ, "ಮೊದ್ಲು ಕೈಕಾಲು ತೊಳ್ಕಂಡು ಬರ್ರಿ," ಎಂದಳು. ಪ್ರಪಂಚದ ಯಾವ ಹೆಂಡತಿಯಾದರೂ ಯಾವ ಗಂಡನಿಗಾದರೂ ದಿನಾ ಹೇಳುವ ಮಾತು. ಅವನು ಹೋಗಿ ಕೆನ್ನೆಗೆ ಹೊಡೆದ. ಒಂದೇ ಏಟು. ಅವಳ ಕೈಯಲ್ಲಿದ್ದ ಹಿಟ್ಟಿನ ಕೋಲು ಬೀಳಲಿಲ್ಲ, ಅವಳು ಮುದ್ದೆ ತಿರುವುವುದನ್ನು ಮುಗಿಸಿ, ತಟ್ಟೆಗೆ ಹಾಕಿ ಅವನ ಮುಂದಿಟ್ಟು, ಬೆಳಗಿನ ಬಸ್ಸಿಗೆ ಹೋದಳು. ಏಟು ಸಾಹೇಬರಿಗೆ ಬೀಳಬೇಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆಮೇಲೆ ಒಂದು ಸಲ ಕರೆತರಲು ಬಂದಿದ್ದ. ಓಣಿಯ ತುದಿಯವರೆಗೆ ಬಂದು, ಅಲ್ಲಿಂದಲೇ ತನ್ನ ಅಂಗಿಯ ತೋಳನ್ನು ಮೂಸಿ ನೋಡಿಕೊಂಡು, ಏನೂ ಗೊತ್ತಾಗದೆ, ವಾಪಸು ಹೋಗಿಬಿಟ್ಟ.

"ಒಂದು ಹೇಳ್ರಿ," ಎಂದರು ಸಾಬರು. "ಎರಡೂ ಹಚ್ಕಂಡು ಹೋದ್ರೆ ಮಸಾಲೆ ಡಬ್ಬಿ ಆಗ್ತೀರಿ."

"ಲವಂಗದ್ದೇ ಕೊಡ್ರಿ," ಎಂದ ಚಂದ್ರಣ್ಣ. ಹೇಳಿದ ಮೇಲೆ ಅದು ತನ್ನ ಆಯ್ಕೆ ಅಲ್ಲ, ಸಾಹೇಬರದ್ದು ಎನ್ನಿಸಿತು. ಮೆಣಸಿನದು ಎನ್ನಬೇಕಾಗಿತ್ತು. ಆದರೆ ಅಷ್ಟರಲ್ಲಿ ಸಾಬರು ಗಾಜಿನ ಕಡ್ಡಿಯಿಂದ ಅವನ ಕಿವಿಯ ಹಿಂದೆ, ಕತ್ತಿಗೆ, ಅಂಗಿಯ ಎದೆಗೆ, ಎರಡೂ ಅಂಗೈಗೆ ಧಾರಾಳವಾಗಿ ಹಚ್ಚಿಬಿಟ್ಟಿದ್ದರು. "ಈ ದಿನ ಯಾವ್ದಾದ್ರೂ ಹೆಣ್ಣು ನೋಡಾಕೋ?" ಎಂದು ಕೇಳಿದರು. ಹೌದು ಎಂದ. ಸುಳ್ಳೇನಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ನಡೆಯುತ್ತ ನಡೆಯುತ್ತ ಬೆವರಿಗೆ ಲವಂಗ ಇನ್ನಷ್ಟು ಎದ್ದಿತು. ನಿನ್ನೆ ಹಟ್ಟಿಗೆ ಹೋಗಿ ವಿಷಯ ಹೇಳಿದಾಗ ಜುಂಜಣ್ಣ ಕುರಿಯ ಗೊರಸಿನಿಂದ ಮುಳ್ಳು ಕೀಳುತ್ತ, ತಲೆ ಎತ್ತದೆ, "ಇದ್ದಂಗೆ ಹೋಗಲೇ," ಎಂದಿದ್ದ. ಅಣ್ಣನ ಮಾತೇ ಹಾಗೆ, ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಚಿಕ್ಕಂದಿನ ಆ ದಿನವೂ ಅಷ್ಟೇ. ಚಂದ್ರಣ್ಣನಿಗೆ ಹನ್ನೆರಡು ವರ್ಷ, ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದ, ಹಾಸ್ಟೆಲಿನಲ್ಲಿ ಕೊಟ್ಟ ಗುಲಾಬಿ ಬಣ್ಣದ ಸೋಪಿನಲ್ಲಿ ಮೂರು ಸಲ ಮೈ ಉಜ್ಜಿಕೊಂಡಿದ್ದ. ಹಟ್ಟಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬೇಲಿಯ ಮಗ್ಗುಲಿಗೆ ಒಂದು ಕುರಿ ಈದಿತು. ಹಸಿ ಮರಿ, ಬಿಸಿಲಿನಲ್ಲೂ ನಡುಗುತ್ತಿತ್ತು. ತಾಯಿ ನೆಕ್ಕುವುದರೊಳಗೆ ಇವನೇ ಅಕ್ಕರೆಯಿಂದ ಎತ್ತಿ, ತನ್ನ ಟವಲಿನಲ್ಲಿ ಒರೆಸಿ, ಎದೆಗೆ ಅವುಚಿ, ಆಮೇಲೆ ತಾಯಿಯ ಮುಂದೆ ಬಿಟ್ಟ. ತಾಯಿ ಮೂಸಿತು. ಕಾಲು ಅಪ್ಪಳಿಸಿತು. ಮರಿ ಕೆಚ್ಚಲಿಗೆ ಬಾಯಿ ಹಾಕಲು ಬಂದಷ್ಟು ಸಲವೂ ತಲೆಯಿಂದ ಗುದ್ದಿ ಬೀಳಿಸಿತು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ, ಈದ ಗಳಿಗೆಯಲ್ಲಿ ಬೇರೆ ವಾಸನೆಯ ಕೈ ತಾಗಿಸಬಾರದು, ಮುಟ್ಟಲೇಬೇಕಾದರೆ ಕೈಗೆ ಹಟ್ಟಿಯ ಮಣ್ಣು ಉಜ್ಜಿಕೊಂಡು ಮುಟ್ಟಬೇಕು. ಜುಂಜಣ್ಣ ಬಂದವನು ಮರಿಯನ್ನು ತಾನೂ ಕುರಿಯ ಹಾಗೆಯೇ ಮೂಸಿ ನೋಡಿ, "ಸೋಪಿನ ಕೈನೇನಲೇ?" ಎಂದ. ಅಷ್ಟೇ. ಬೈಯಲಿಲ್ಲ. ತಾಯಿಯ ಹಾಲನ್ನೇ ಕರೆದು ಮರಿಯ ಮೈಗೆಲ್ಲ ಸವರಿದ, ಉಪ್ಪು ಸವರಿದ, ತಾಯಿಯ ಕಾಲು ಕಟ್ಟಿ ಕುಡಿಸಿದ. ಮೂರನೇ ದಿನ ಮರಿ ಸತ್ತಿತು. ಬೈದಿದ್ದರೆ ಮರೆತುಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಆ ಬೈಗಳು ಬಾಕಿ ಇದೆ ಎಂದು ಚಂದ್ರಣ್ಣನಿಗೆ ಅನಿಸುತ್ತದೆ. ಇದೆಲ್ಲ ಇವತ್ತು ಯಾಕೆ ನೆನಪಾಗಬೇಕು ಎಂದು ಸಿಡಿಮಿಡಿಗೊಂಡು ಅವನು ಓಣಿಗೆ ತಿರುಗಿದ.

ಓಣಿಯ ತುಂಬ ಶೇಂಗಾ ಹಿಂಡಿಯ ವಾಸನೆ. ಗೋಡೆಗಳಿಗೆ, ಕಿಟಕಿಯ ಸರಳಿಗೆ, ಒಣಹಾಕಿದ ಬಟ್ಟೆಗಳಿಗೆ ಎಲ್ಲಕ್ಕೂ ಮಿಲ್ಲಿನ ಎಣ್ಣೆಯ ಜಿಡ್ಡು. ಇಲ್ಲಿ ಯಾರೂ ಯಾರಿಗೂ ನೀನು ನಾರುತ್ತೀಯ ಎನ್ನುವುದಿಲ್ಲ. ಮನೆಯ ಬಾಗಿಲು ತೆರೆದೇ ಇತ್ತು. ಅತ್ತೆ ದುರುಗಕ್ಕ ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ಎದ್ದು ಸೆರಗು ಸರಿಮಾಡಿಕೊಂಡು, "ಬಾರಪ್ಪ. ನಿಮ್ಮ ಮಾವ ಮಿಲ್ಲಿಗೆ ಹೋಗೌನೆ. ಕೂಕ," ಎಂದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಮೂಗಿನ ಹೊಳ್ಳೆಗಳು ಮಾತ್ರ ಒಂದು ಸಲ ಅರಳಿದವು. ಪುಷ್ಪಲತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಸಿರು ಸೀರೆ, ಹೊರಡುವವರು ಉಡುವಂಥದ್ದು. ಗೋಡೆಗೆ ಒರಗಿಸಿ ಒಂದು ಬ್ಯಾಗು ಇತ್ತು, ಜಿಪ್ಪು ಎಳೆದಿತ್ತು. ಅವನು ಬ್ಯಾಗನ್ನು ನೋಡಿದ್ದನ್ನು ಅವಳು ನೋಡಿದಳು. ಬರಬೇಕೆಂದೇ ಇದ್ದಾಳೆ. ದೇವರೇ, ಇವಳು ಬರಬೇಕೆಂದೇ ಇದ್ದಾಳೆ, ಇನ್ನು ಮಗು ಒಂದು ನಾಲ್ಕು ಹೆಜ್ಜೆ ಹಾಕಿದರೆ ಸಾಕು.

ಶೃತಿ ಕಂಬದ ಹಿಂದಿನಿಂದ ಬಂದಳು. ಉದ್ದವಾಗಿದ್ದಳು, ಕೂದಲು ಎರಡು ಜುಟ್ಟಾಗಿತ್ತು. ಕೈಯಲ್ಲಿ ಒಂದು ಕೊಳಕು ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದಳು. ಬಟ್ಟೆಯಲ್ಲ, ಅಂಗಿ. ನೀಲಿ ಗೀರಿನ ಅಂಗಿ, ಕಾಲರು ಸವೆದಿದ್ದು, ಒಂದು ಗುಂಡಿಗೆ ಕೆಂಪು ದಾರ. ಆ ಕೆಂಪು ದಾರ ಹಾಕಿದ್ದು ಪುಷ್ಪಲತಾ. ಅವನದೇ ಅಂಗಿ. ನೆಲ ಒರೆಸಲು ಇಟ್ಟುಕೊಂಡಿದ್ದಾರೆ ಎಂದು ಅವನಿಗೆ ಮೊದಲು ಅನಿಸಿ ಕಿವಿ ಬಿಸಿಯಾಯಿತು.

"ಅದನ್ನ ಬಿಟ್ಟು ಮಲಗಲ್ಲ ಕಣಪ್ಪ," ಎಂದಳು ದುರುಗಕ್ಕ. "ಬರೋವಾಗ ಬ್ಯಾಗಿನಾಗೆ ಹೆಂಗೋ ಬಂದುಬಿಟ್ಟೈತೆ. ಒಗೆಯಾಕೂ ಬಿಡಲ್ಲ. ಒಂದ್ಸಲ ನೀರಿಗೆ ಹಾಕಾಕೆ ಹೋದ್ರೆ ಅಪ್ಪ ಹೋಗ್ತೈತೆ, ಅಪ್ಪ ಹೋಗ್ತೈತೆ ಅಂತ ಊರು ಒಂದು ಮಾಡಿದ್ಲು."

ಚಂದ್ರಣ್ಣನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡ. ಸರಿಸಿದರೆ ಏನು ಬಂತು, ಎದೆಯಿದೆ, ಕತ್ತಿದೆ, ಕಿವಿಯ ಹಿಂದೆ ಇದೆ. ಮಗು ಅವನ ಮುಖವನ್ನೇ ನೋಡುತ್ತಿತ್ತು. ಮುಖ ನೆನಪಿತ್ತು. ಖಂಡಿತ ನೆನಪಿತ್ತು, ಅದರ ತುಟಿ ಒಂದು ಕಡೆಗೆ ನಗಲು ಹೊರಟಿತ್ತು. ಒಂದು ಹೆಜ್ಜೆ ಬಂತು. ಎರಡು. ಮೂರನೆಯದಕ್ಕೆ ಅವನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಮೂಗು ಎತ್ತಿತು. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಮೂಸಿತು, ಮತ್ತೆ ಅವನ ಕಡೆ ಬಾಗಿ ಮೂಸಿತು. ಎರಡು ಕೈಗಳನ್ನು ಅಂಗಡಿಯ ಮುಂದೆ ಅವನು ಮೂಸಿದ ಹಾಗೆಯೇ, ಒಂದಾದ ಮೇಲೊಂದು.

"ಅಪ್ಪ ಅಲ್ಲ," ಎಂದಳು ಶೃತಿ, ಅಜ್ಜಿಯ ಕಡೆ ತಿರುಗಿ. ಅಂಗಿಯನ್ನು ತೋರಿಸಿದಳು. "ಅಪ್ಪ ಇಲ್ಲೈತೆ."

ಅಲ್ಲಿಗೆ ಸುಮ್ಮನಿರಬೇಕಾಗಿತ್ತು. ಅವಳು ಇನ್ನೂ ಅತ್ತಿರಲಿಲ್ಲ. ಸುಮ್ಮನೆ ಕೂತಿದ್ದರೆ, ಊಟ ಮಾಡಿದ್ದರೆ, ಸಂಜೆಯವರೆಗೆ ಕಾದಿದ್ದರೆ ಏನಾಗುತ್ತಿತ್ತೋ. ಚಂದ್ರಣ್ಣನಿಗೆ ಕಾಯುವುದಕ್ಕಾಗಲಿಲ್ಲ. "ನಾನೇ ಅವ್ವ, ನಾನೇ," ಎನ್ನುತ್ತ ಬಾಗಿ ಮಗುವನ್ನು ಬಾಚಿ ಎತ್ತಿಕೊಂಡ, ಅಂಗಿಯ ಸಮೇತ ಎದೆಗೆ ಅವುಚಿಕೊಂಡ, ಅದರ ಬೆನ್ನು ಸವರಿದ, ತಲೆ ಸವರಿದ. ಮಗು ಕಿರುಚಿ, ಅವನ ಎದೆಗೆ ಎರಡೂ ಕಾಲು ಕೊಟ್ಟು ಒದೆಯಿತು. ಪುಷ್ಪಲತಾ ಬಂದು ಮಾತಿಲ್ಲದೆ ಮಗುವನ್ನು ಅವನ ಕೈಯಿಂದ ಬಿಡಿಸಿಕೊಂಡಳು.

ಅವನು ಬಚ್ಚಲಿಗೆ ಹೋದ. ಒಲೆಯ ಬೂದಿ ತೆಗೆದು ಉಜ್ಜಿದ, ಸೀಗೆಪುಡಿ ಹಾಕಿ ಉಜ್ಜಿದ, ಗೋಡೆಯ ಬುಡದ ಮಣ್ಣು ಕೆರೆದು ಉಜ್ಜಿದ. ಚರ್ಮ ಕೆಂಪಾಯಿತು. ಮೂಸಿದರೆ ಬಲಗೈಯ ಮೆಣಸು ಯಾವಾಗಲೋ ಹೋಗಿತ್ತು, ಲವಂಗ ಮಾತ್ರ ಕೂತ ಜಾಗ ಬಿಟ್ಟು ಏಳಲಿಲ್ಲ. ಸಾಬರು ಸುಳ್ಳು ಹೇಳುವವರಲ್ಲ. ಹಿಂದೆ ಪುಷ್ಪಲತಾ ಟವಲು ಹಿಡಿದು ನಿಂತಿದ್ದಳು.

"ಯಾಕೆ ಹಚ್ಕಂಡ್ರಿ ಅದನ್ನ?"

ಅವನು ನೀರು ಸುರಿದುಕೊಳ್ಳುತ್ತಲೇ, "ನೀನು ಮೂಗು ಮುಚ್ಕಂತಿದ್ದೆಲ್ಲ," ಎಂದ. ನಾಲ್ಕು ವರ್ಷದ ಮೇಲೆ ಆ ಮಾತು ಎಷ್ಟು ಸಣ್ಣದಾಗಿ ಹೊರಗೆ ಬಂತೆಂದರೆ ಅವನಿಗೇ ನಾಚಿಕೆಯಾಯಿತು.

ಅವಳಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ಯಾವಾಗ? ಶೃತಿ ಹೊಟ್ಟ್ಯಾಗಿದ್ದಾಗ್ಲಾ?" ಎಂದಳು. "ಆವಾಗ ಒಗ್ಗರಣೆ ಹಾಕಿದ್ರೂ ಮೂಗು ಮುಚ್ಕಂತಿದ್ದೆ. ದೇವರ ಮುಂದೆ ಊದುಬತ್ತಿ ಹಚ್ಚಿದ್ರೂ ಮುಚ್ಕಂತಿದ್ದೆ. ಅದಕ್ಕೇನಾ ಹೊರಗೆ ಮಲಗಿದ್ದು?" ಅವನು ತಲೆಯಾಡಿಸಿದ. ಅವಳು, "ನಾನು ಬ್ಯಾರೆ ಏನೇನೋ ಅಂದ್ಕಂಡಿದ್ದೆ," ಎಂದಳು. ಏನೇನು ಎಂದು ಅವನು ಕೇಳಲಿಲ್ಲ. ಮೂರು ವರ್ಷದ ಹತ್ತಿರ ಬಾಗಿಲ ಒಳಗೆ ಒಬ್ಬಳೇ ಮಲಗಿ ಒಬ್ಬ ಹೆಂಗಸು ಏನೇನು ಅಂದುಕೊಂಡಿರಬಹುದೋ ಅದೆಲ್ಲವೂ ಅವಳ ಮುಖದಲ್ಲಿ ಇತ್ತು.

ಒಳಗೆ ಶೃತಿಯ ಅಳು ನಿಂತಿತ್ತು. ದುರುಗಕ್ಕ ಚಾಪೆ ಹಾಸಿ ಮಲಗಿಸಿದ್ದಳು. ಬಿಕ್ಕುತ್ತ ಮಗು ಅಂಗಿಯನ್ನು ಗುಡ್ಡೆ ಮಾಡಿಕೊಂಡು, ದಿನವೂ ಮಾಡುವ ಹಾಗೆ, ಅದರ ಕಂಕುಳಿನ ಭಾಗವನ್ನು ಹುಡುಕಿ ಅದಕ್ಕೆ ಮುಖವಿಟ್ಟಿತು. ಚಂದ್ರಣ್ಣ ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಮಗು ಮುಖ ಎತ್ತಿತು. ಅಂಗಿಯನ್ನು ತಿರುವಿ ಇನ್ನೊಂದು ಕಡೆ ಮೂಸಿತು. ಕಾಲರು ಮೂಸಿತು, ತೋಳು ಮೂಸಿತು. ಆಮೇಲೆ ಅದನ್ನು ಚಾಪೆಯಿಂದ ಆಚೆಗೆ ತಳ್ಳಿ, ಗೋಡೆಯ ಕಡೆ ತಿರುಗಿ ಮಲಗಿಕೊಂಡಿತು. ಈ ಸಲ ಅಳಲಿಲ್ಲ.

ಪುಷ್ಪಲತಾ ಹೋಗಿ ಅಂಗಿಯನ್ನು ಎತ್ತಿಕೊಂಡಳು. ಅವ್ವನಾಗಲಿ ಗಂಡನಾಗಲಿ ನೋಡುತ್ತಿದ್ದಾರೆ ಎಂಬುದನ್ನು ಲೆಕ್ಕಿಸದೆ, ಎಷ್ಟೋ ಸಲ ಮಾಡಿ ರೂಢಿಯಿದ್ದವಳ ಹಾಗೆ, ಕಂಕುಳಿನ ಅದೇ ಜಾಗಕ್ಕೆ ತಾನೂ ಮುಖವಿಟ್ಟು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು.

"ಇದ್ರಾಗೂ ಇಲ್ಲ. ಲವಂಗ ಹತ್ತೈತೆ," ಎಂದಳು.

ಅವನನ್ನು ದಾಟಿ ಬಚ್ಚಲಿಗೆ ಹೋದಳು. ಅಂಗಿಯನ್ನು ಬಕೀಟಿಗೆ ಹಾಕಿದಳು. ನೀರು ತುಂಬುವ ಸದ್ದು ಕೇಳಿಸಿತು, ಸೋಪು ಉಜ್ಜುವ ಸದ್ದು ಕೇಳಿಸಿತು. ದುರುಗಕ್ಕ ಎದ್ದು, ಗೋಡೆಗೆ ಒರಗಿಸಿದ್ದ ಬ್ಯಾಗನ್ನು ಎತ್ತಿ ಒಳಗಿನ ಕೋಣೆಗೆ ಇಟ್ಟು ಬಂದು, "ಉಂಡು ಹೋಗಪ್ಪ," ಎಂದಳು.